ಅಪ್ಪಂಗೆ ಎಲ್4-ಎಲ್5 ಡಿಸ್ಕ್ ಸವೆದೈತಂತೆ, ಸ್ಕ್ರೂ ಹಾಕಿ ಆಪರೇಷನ್ ಮಾಡ್ಬೇಕು ಅಂತಾವ್ರೆ, ಮಾಡಿಸ್ಬೇಕಾ?

ಪಾಂಡವಪುರದ ಹುಡುಗ:
ಎಲ್ರಿಗೂ ನಮಸ್ಕಾರ. ನಮ್ದು ಪಾಂಡವಪುರ ತಾಲ್ಲೂಕು. ಅಪ್ಪಂಗೆ 63 ವರ್ಷ, ಜೀವಮಾನವೆಲ್ಲ ಕಬ್ಬು ಭತ್ತ ಅಂತ ಗದ್ದೇಲೇ ಕಳೆದೋರು. ಸೊಂಟ ನೋವು ಬಾಳ ವರ್ಷದಿಂದ ಇತ್ತು, ಮುಲಾಮು ಹಚ್ಕೊಂಡು ಕೆಲ್ಸಕ್ಕೆ ಹೋಗ್ತಿದ್ರು, ಆದ್ರೆ ಹೋದ ಸುಗ್ಗಿ ಆದ್ಮೇಲೆ ಎರಡೂ ಕಾಲು ಹಿಡ್ಕೊಳ್ಳೋಕೆ ಶುರುವಾಗೈತೆ, ಪಿರ್ರೆಯಿಂದ ಮೀನಖಂಡದವರೆಗೂ ಜೋಮು, ಕಾಲು ಭಾರ ಅಂತಾರೆ. ಶುಗರ್ ಬೇರೆ ಐತೆ. ಮೈಸೂರಲ್ಲಿ ಒಂದು ಪ್ರೈವೇಟ್ ಆಸ್ಪತ್ರೇಲಿ ಎಂಆರ್‌ಐ ಮಾಡಿಸಿದ್ವಿ. ರಿಪೋರ್ಟಲ್ಲಿ ಮಲ್ಟಿಪಲ್ ಲೆವೆಲ್ ಡಿಸ್ಕ್ ಡೆಸಿಕೇಶನ್, ಎಲ್4-ಎಲ್5 ಡಿಫ್ಯೂಸ್ ಬಲ್ಜ್, ಲಿಗಮೆಂಟಮ್ ಫ್ಲೇವಮ್ ಹೈಪರ್‌ಟ್ರೋಫಿ, ಕೆನಾಲ್ ಸ್ಟೆನೋಸಿಸ್, ಇನ್ನೂ ಏನೇನೋ ಬರೆದವ್ರೆ. ಡಾಕ್ಟ್ರು ಅಪ್ಪನ್ನ ಮಂಚದ ಮೇಲೆ ಮಲಗಿಸಿ ಕೂಡ ನೋಡ್ಲಿಲ್ಲ, ಪೇಪರ್ ಓದಿ ಸ್ಕ್ರೂ ರಾಡ್ ಹಾಕ್ಬೇಕು, ಅಡ್ಮಿಟ್ ಆಗಿ ಅಂದ್ರು. ಊರಲ್ಲಿ ಎಲ್ಲ ಬೆನ್ನಿಗೆ ಕತ್ತರಿ ಹಾಕ್ಸಿದ್ರೆ ಹಾಸಿಗೆ ಹಿಡೀತಾರೆ ಅಂತ ಹೆದರಿಸ್ತಾವ್ರೆ, ಅವ್ವ ಅಳ್ತಾ ಕೂತವ್ಳೆ. ಚಿಕ್ಕಪ್ಪ ಬೆನ್ನು ತುಳಿದು ಸರಿಮಾಡೋರ ಹತ್ರ ಕರ್ಕೊಂಡು ಹೋಗೋಣ ಅಂತಾರೆ. ಏನ್ ಮಾಡ್ಲಿ, ಗೊತ್ತಿರೋರು ಹೇಳಿ.

ಫಿಸಿಯೋ ಅಕ್ಕ, ಮೈಸೂರು:
ತಮ್ಮ, ಮೊದ್ಲು ಒಂದು ಮಾತು, ಬೆನ್ನು ತುಳಿಸೋದು ಬೇಡವೇ ಬೇಡ. ನರ ಹೋಗೋ ಜಾಗವೇ ಕಿರಿದಾಗಿರೋವಾಗ ಮೇಲಿಂದ ಭಾರ ಹಾಕಿದ್ರೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಕಾಲೇ ಬಿದ್ದೋಗ್ಬಹುದು.

ಇನ್ನು ರಿಪೋರ್ಟ್ ವಿಷ್ಯ. ಡಿಸ್ಕ್ ಅಂದ್ರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಎಲ್4-ಎಲ್5 ಅಂದ್ರೆ ಸೊಂಟದ ನಾಲ್ಕನೇ ಐದನೇ ಮೂಳೆ ನಡುವಿನ ಜಾಗ. ಡೆಸಿಕೇಶನ್ ಅಂದ್ರೆ ಡಿಸ್ಕ್ ಒಳಗಿನ ನೀರಿನಂಶ ಕಮ್ಮಿಯಾಗಿದೆ ಅಂತ, ಬಲ್ಜ್ ಅಂದ್ರೆ ಅದು ಅಂಚಲ್ಲಿ ಸ್ವಲ್ಪ ಉಬ್ಬಿದೆ ಅಂತ. ಬೆನ್ನು ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನ ಒಟ್ಟಿಗೆ ನೋಡಿದ ಒಂದು ವಿಮರ್ಶೆ 2015ರಲ್ಲಿ ಬಂತು, ಅದ್ರಲ್ಲಿ 20 ವರ್ಷದವರಲ್ಲೇ ಶೇ. 37 ಜನಕ್ಕೆ ಡಿಸ್ಕ್ ಸವೆತ ಇತ್ತು, 60 ವರ್ಷದವರಲ್ಲಿ ಶೇ. 88, ಬಲ್ಜ್ ಶೇ. 69. ಇವರ್ಯಾರಿಗೂ ನೋವಿರ್ಲಿಲ್ಲ ನೆನಪಿಟ್ಕೊಳ್ಳಿ. ಹಾಗಾಗಿ ಪೇಪರಲ್ಲಿ ಇರೋದೂ ಕಾಲಲ್ಲಿ ಆಗ್ತಿರೋದೂ ತಾಳೆ ಆಗುತ್ತಾ ಅಂತ ನೋಡ್ದೆ ಯಾರೂ ಏನೂ ಹೇಳೋಕಾಗಲ್ಲ, ಕೈ ಇಟ್ಟು ಪರೀಕ್ಷೆ ಮಾಡ್ದೆ ಆಪರೇಷನ್ ಅಂದಿದ್ದು ನನಗೆ ಸ್ವಲ್ಪವೂ ಹಿಡಿಸಲಿಲ್ಲ.

ಈ ನಾಲ್ಕು ವಿಷ್ಯ ನೋಡಿ ಬರೀರಿ. ಅಪ್ಪ ಹಿಮ್ಮಡಿ ಮೇಲೆ ನಡೀತಾರಾ, ತುದಿಗಾಲಲ್ಲಿ ನಡೀತಾರಾ? ಕಾಲಿನ ಹೆಬ್ಬೆರಳು ಮೇಲಕ್ಕೆ ಎತ್ತಿ ಹಿಡ್ಕೊಳ್ಳೋಕೆ ಹೇಳಿ ನೀವು ಕೈಯಲ್ಲಿ ಕೆಳಗೆ ಅದುಮಿ, ತಡ್ಕೋತಾರಾ ಅಥವಾ ಸೋತು ಬೀಳುತ್ತಾ? ನೋವು ಜಾಸ್ತಿ ಆಗೋದು ನಡೆಯುವಾಗಲೋ ಕೂತಾಗಲೋ? ಒಂದಕ್ಕೆ ಹೋಗೋದು ಸರಿ ಇದೆಯಾ?

ರಿಟೈರ್ಡ್ ಮೇಷ್ಟ್ರು, ಮಂಡ್ಯ:
ಹಾಸಿಗೆ ಹಿಡೀತಾರೆ ಅನ್ನೋ ಮಾತು ನಂಬಬೇಡಪ್ಪ. ನನಗೂ ಸೊಂಟದ ನರ ಒತ್ತಿ ಆಪರೇಷನ್ ಆಗಿದೆ, ಈಗ ಬೆಳಿಗ್ಗೆ ವಾಕಿಂಗ್ ಮಾಡ್ತೀನಿ, ಮಾರ್ಕೆಟ್ಟಿಗೆ ನಾನೇ ಹೋಗಿ ಬರ್ತೀನಿ. ಆದ್ರೆ ಅಲ್ಲಿವರೆಗೂ ಹಲಗೆ ಮೇಲೆ ಮಲಗಿಸಿ ಪೂರ್ತಿ ರೆಸ್ಟ್ ಕೊಡಿ, ಸೊಂಟದ ಬೆಲ್ಟ್ ಬಿಚ್ಚಲೇಬೇಡಿ.

ಪಾಂಡವಪುರದ ಹುಡುಗ:
ಅಕ್ಕಾ, ಮೇಷ್ಟ್ರೇ, ತುಂಬ ಥ್ಯಾಂಕ್ಸ್. ಹಿಮ್ಮಡಿ ಮೇಲೆ ನಡೀತಾರೆ, ಹೆಬ್ಬೆರಳು ಗಟ್ಟಿಯಾಗೇ ಐತೆ, ಒಂದಕ್ಕೆ ಎರಡಕ್ಕೆ ತೊಂದ್ರೆ ಇಲ್ಲ. ಕೂತಾಗ ಏನೂ ಇಲ್ಲ. ನಾಲೆ ಏರಿ ಮೇಲೆ ಗದ್ದೆಗೆ ಹೋಗುವಾಗ ಅರ್ಧ ದಾರೀಲಿ ಕಾಲು ಕಟ್ಟಾಕಿದಂಗೆ ಆಗಿ ಅಲ್ಲೇ ಕುಕ್ಕರಗಾಲಲ್ಲಿ ಕೂತ್ಬಿಡ್ತಾರೆ, ಸ್ವಲ್ಪ ಹೊತ್ತು ಆದ್ಮೇಲೆ ಎದ್ದು ಮತ್ತೆ ನಡೀತಾರೆ, ಮತ್ತೆ ಕೂತ್ಕೋತಾರೆ. ಸುಮ್ನೆ ನಿಂತ್ರೆ ಕಮ್ಮಿ ಆಗಲ್ಲ, ಕೂರ್ಲೇಬೇಕು. ನಮಗೆ ಅರ್ಥ ಆಗ್ದಿರೋದು ಏನಂದ್ರೆ ಅಷ್ಟು ದೂರ ನಡೆಯೋಕೆ ಆಗ್ದೋರು ಹ್ಯಾಂಡಲ್‌ಗೆ ಕ್ಯಾನ್ ಸಿಗಿಸ್ಕೊಂಡು ಸೈಕಲ್ ತುಳ್ಕೊಂಡು ಡೈರಿಗೆ ಹಾಲು ಹಾಕಿ ಬರ್ತಾರೆ, ಆವಾಗ ಏನೂ ಆಗಲ್ಲ. ನಾಟಕ ಅಂತ ಅಣ್ಣ ಒಂದ್ಸಲ ಬೈದೂ ಬಿಟ್ಟ.

ಮೂಳೆ ವಿಭಾಗ, ಪಿಜಿ:
ದಯವಿಟ್ಟು ನಿಮ್ಮಣ್ಣಂಗೆ ಹೇಳಿ, ಅದು ನಾಟಕ ಅಲ್ಲ. ನೀವು ಬರೆದಿರೋದು ಓದ್ತಿದ್ದಂಗೇ ಲಂಬಾರ್ ಕೆನಾಲ್ ಸ್ಟೆನೋಸಿಸ್, ಅಂದ್ರೆ ಸೊಂಟದಲ್ಲಿ ನರದ ದಾರಿ ಕಿರಿದಾಗೋದು, ಅದ್ರ ಚಿತ್ರ ಕಣ್ಮುಂದೆ ಬಂತು. ನಾಲೇಲಿ ಹೂಳು ತುಂಬಿದ ಹಾಗೆ ಬೆನ್ನುಹುರಿಯ ನರಗಳು ಇಳಿಯೋ ದಾರಿ ಕಿರಿದಾಗಿರುತ್ತೆ, ಮುಂದಿನಿಂದ ಡಿಸ್ಕ್ ಉಬ್ಬಿರುತ್ತೆ, ಹಿಂದಿನಿಂದ ಲಿಗಮೆಂಟ್, ಅಂದ್ರೆ ಮೂಳೆಗಳನ್ನ ಹಿಡಿದಿಡೋ ಪಟ್ಟಿ, ದಪ್ಪ ಆಗಿರುತ್ತೆ, ಪಕ್ಕದ ಕೀಲುಗಳು ಸವೆದು ಬೆಳೆದಿರುತ್ತೆ. ನೆಟ್ಟಗೆ ನಿಂತ್ರೆ ನಡೆದ್ರೆ ಆ ಜಾಗ ಇನ್ನೂ ಬಿಗಿಯಾಗುತ್ತೆ, ಸೊಂಟ ಮುಂದಕ್ಕೆ ಬಗ್ಗಿದ್ರೆ ಸ್ವಲ್ಪ ಅಗಲ ಆಗುತ್ತೆ. ಅದಕ್ಕೇ ಕುಕ್ಕರಗಾಲಲ್ಲಿ ಕೂತ್ರೆ ಆರಾಮ, ಹ್ಯಾಂಡಲ್ ಮೇಲೆ ಬಗ್ಗಿ ಸೈಕಲ್ ತುಳಿದ್ರೂ ಆರಾಮ.

ಆದ್ರೂ ಪಾದದ ನಾಡಿ ಒಂದ್ಸಲ ನೋಡಿಸಿ, ಶುಗರ್ ಇರೋದ್ರಿಂದ ಹೇಳ್ತಿದ್ದೀನಿ, ಬೀಡಿ ಸೇದ್ತಾರಾದ್ರೆ ಇನ್ನೂ ಮುಖ್ಯ. ರಕ್ತನಾಳ ಕಟ್ಟಿದ್ರೂ ನಡೆದಾಗ ಮೀನಖಂಡ ಹಿಡಿಯುತ್ತೆ, ಆದ್ರೆ ಅದು ಸುಮ್ನೆ ನಿಂತ್ರೂ ಇಳಿಯುತ್ತೆ, ಸೈಕಲ್ ತುಳಿದ್ರೂ ಬರುತ್ತೆ. ಶುಗರ್‌ನಿಂದ ನರ ಕೆಟ್ಟಿದ್ರೆ, ವಿಟಮಿನ್ ಬಿ12 ಕಮ್ಮಿ ಇದ್ರೆ ಪಾದ ಉರಿ, ಜೋಮು ಬರುತ್ತೆ, ಅದೂ ಇದ್ರ ಜೊತೆ ಸೇರ್ಕೊಂಡಿರಬಹುದು.

ಮೇಷ್ಟ್ರೇ, ನೀವು ಚೆನ್ನಾಗಿ ಓಡಾಡ್ತಿರೋದು ಕೇಳಿ ಖುಷಿ ಆಯ್ತು, ಆದ್ರೆ ಪೂರ್ತಿ ರೆಸ್ಟ್ ಮಾತ್ರ ಒಪ್ಪೋಕಾಗಲ್ಲ. ಎರಡು ದಿನ ಮಲಗಿದವರಿಗೂ ಒಂದು ವಾರ ಮಲಗಿದವರಿಗೂ ಬೆನ್ನು ನೋವು ಗುಣ ಆಗೋದ್ರಲ್ಲಿ ವ್ಯತ್ಯಾಸ ಇಲ್ಲ ಅಂತ 1986ರಲ್ಲೇ ತೋರಿಸಿದ್ದಾರೆ. ಮಲಗಿಸಿದಷ್ಟೂ ಬೆನ್ನಿನ, ತೊಡೆಯ ಸ್ನಾಯು ಸೊರಗುತ್ತೆ, ಶುಗರ್ ಏರುತ್ತೆ. ಬೆಲ್ಟ್ ದೂರ ಪ್ರಯಾಣಕ್ಕೆ ಹಾಕ್ಕೊಳ್ಳಲಿ, ಸಾಕು.

ಈಗ ಆಪರೇಷನ್. ಕಾಲಿನ ಬಲ ಹೋಗಿಲ್ಲ, ಮೂತ್ರದ ತೊಂದ್ರೆ ಇಲ್ಲ ಅಂದ್ರೆ ನಾಳೆನೇ ಮಾಡಿಸ್ಬೇಕು ಅನ್ನೋ ಅರ್ಜೆಂಟ್ ಇಲ್ಲ. ಸ್ಟೆನೋಸಿಸ್ ಇರೋ ಎಷ್ಟೋ ಜನ ವರ್ಷಗಟ್ಟಲೆ ಹಾಗೇ ಇರ್ತಾರೆ, ಕೆಲವರಿಗೆ ಕಮ್ಮಿನೂ ಆಗುತ್ತೆ. ಕೆಲವು ತಿಂಗಳು ಫಿಸಿಯೋ, ಸೈಕಲ್, ತೂಕ ಜಾಸ್ತಿ ಇದ್ರೆ ಇಳಿಸೋದು, ಭಾರದ ಮೂಟೆ ಹೊರದೇ ಇರೋದು, ಇಷ್ಟು ಮಾಡಿ ನೋಡಿ. ಮೆಡಿಕಲ್ ಶಾಪಲ್ಲಿ ಕೇಳಿ ತಗೊಳ್ಳೋ ನೋವಿನ ಮಾತ್ರೆ ದಿನಾ ನುಂಗಿಸ್ಬೇಡಿ, ಶುಗರ್ ಇರೋರಿಗೆ ಕಿಡ್ನಿಗೆ ಪೆಟ್ಟು. ಸೊಂಟಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಹೇಳಿದ್ರೆ, ಸ್ಟೆನೋಸಿಸ್‌ನಲ್ಲಿ ಅದ್ರಿಂದ ದೊಡ್ಡ ಲಾಭ ಕಂಡಿಲ್ಲ, 2014ರ ಒಂದು ದೊಡ್ಡ ಪರೀಕ್ಷೇಲಿ ಬರೀ ಮರಗಟ್ಟಿಸೋ ಔಷಧಿಗೂ ಅದಕ್ಕೂ ಹೇಳಿಕೊಳ್ಳೋ ಅಂತರ ಬರ್ಲಿಲ್ಲ, ಮೇಲಾಗಿ ಕೆಲವು ದಿನ ಶುಗರ್ ಏರಿಸುತ್ತೆ.

ಇಷ್ಟಾದ್ಮೇಲೂ ಗದ್ದೆಗೆ ಹೋಗೋಕೇ ಆಗಲ್ಲ, ಬದುಕೇ ಕಷ್ಟ ಅನ್ನಿಸಿದ್ರೆ ಆಪರೇಷನ್ ಒಳ್ಳೆ ದಾರಿನೇ, ಭಯ ಬೇಡ. ಆವಾಗ ಕೇಳ್ಬೇಕಾದ ಪ್ರಶ್ನೆ ಒಂದೇ, ಸ್ಕ್ರೂ ಯಾಕೆ? ಒತ್ತಿರೋ ಲಿಗಮೆಂಟ್, ಮೂಳೆ ತೆಗೆದು ನರಕ್ಕೆ ಜಾಗ ಮಾಡೋದು ಬೇರೆ, ಸ್ಕ್ರೂ ರಾಡ್ ಹಾಕಿ ಮೂಳೆ ಕೂಡಿಸೋದು ಬೇರೆ. 2016ರಲ್ಲಿ ಸ್ವೀಡನ್‌ನವರು 50ರಿಂದ 80 ವರ್ಷದ ಸ್ಟೆನೋಸಿಸ್ ರೋಗಿಗಳಲ್ಲಿ ಎರಡನ್ನೂ ಹೋಲಿಸಿ ನೋಡಿದ್ರು, ಸ್ಕ್ರೂ ಹಾಕಿದ್ರಿಂದ ಹೆಚ್ಚಿನ ಲಾಭ ಕಾಣಲಿಲ್ಲ, ಆಪರೇಷನ್ ಮಾತ್ರ ಉದ್ದ ಆಯ್ತು, ಖರ್ಚೂ ಜಾಸ್ತಿ. ಬಗ್ಗಿದಾಗ ಎದ್ದಾಗ ಒಂದು ಮೂಳೆ ಇನ್ನೊಂದರ ಮೇಲೆ ಜಾರಾಡ್ತಿದ್ರೆ ಸ್ಕ್ರೂ ಬೇಕಾಗಬಹುದು. ಅದು ಎಂಆರ್‌ಐನಲ್ಲಿ ಸರಿಯಾಗಿ ಗೊತ್ತಾಗಲ್ಲ, ಮಲಗಿಸಿ ತೆಗೆಯೋದಲ್ವಾ. ಬಗ್ಗಿ ಒಂದು, ಹಿಂದಕ್ಕೆ ಬಾಗಿ ಒಂದು ಎಕ್ಸ್‌ರೇ ತೆಗೆಸ್ಬೇಕು.

ಮತ್ತೆ ಇದನ್ನ ಮನೇಲಿ ಎಲ್ರಿಗೂ ಹೇಳಿ: ಮೂತ್ರ ಕಟ್ಟಿದ್ರೆ ಅಥವಾ ಗೊತ್ತಾಗದೇ ಹೋದ್ರೆ, ಕೂರೋ ಜಾಗ ತೊಡೆ ಸಂದಿ ಮರಗಟ್ಟಿದ್ರೆ, ಪಾದ ಜೋತುಬಿದ್ದು ಚಪ್ಪಲಿ ಜಾರೋಕೆ ಶುರುವಾದ್ರೆ, ರಾತ್ರಿನೇ ಆಗ್ಲಿ ಆಸ್ಪತ್ರೆಗೆ ಓಡಿ, ಬೆಳಗಾಗಲಿ ಅಂತ ಕಾಯ್ಬೇಡಿ. ಜ್ವರ, ತೂಕ ಇಳಿಯೋದು, ಮಲಗಿದಾಗಲೂ ಬಿಡದ ನೋವು ಇದ್ರೆ ಬೆನ್ನಿನ ಟಿಬಿ, ಗಡ್ಡೆ ಇಲ್ಲ ಅಂತ ಖಚಿತ ಮಾಡ್ಕೊಳ್ಳಿ.

ಪಾಂಡವಪುರದ ಹುಡುಗ:
ಸಾರ್, ಅಣ್ಣಂಗೆ ಓದಿ ಹೇಳ್ದೆ, ಸುಮ್ನೆ ಎದ್ದು ಹೋಗಿ ಅಪ್ಪನ ಪಕ್ಕ ಕೂತ್ಕೊಂಡ. ಇನ್ನೊಬ್ರ ಹತ್ರ ತೋರಿಸೋದಾದ್ರೆ ಎಲ್ಲಿಗೆ ಹೋಗ್ಲಿ? ಬಿಪಿಎಲ್ ಕಾರ್ಡ್ ಐತೆ.

ಮೂಳೆ ವಿಭಾಗ, ಪಿಜಿ:
ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆ, ಎರಡೂ ಮೆಡಿಕಲ್ ಕಾಲೇಜಿನವು, ಮೂಳೆ ವಿಭಾಗದ ಓಪಿಡಿಗೆ ಬೆಳಿಗ್ಗೆ ಬೇಗ ಹೋಗಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೂ ಇದೆ, ಮುಂದೆ ಆಪರೇಷನ್ ಅಂತ ಬಂದ್ರೆ ಕಾರ್ಡ್ ತೋರಿಸಿ ಅಲ್ಲೇ ವಿಚಾರಿಸಿ. ರಿಪೋರ್ಟ್ ಪೇಪರ್ ಒಂದೇ ಒಯ್ಯಬೇಡಿ, ಎಂಆರ್‌ಐ ಫಿಲ್ಮ್, ಸಿಡಿ ಎರಡೂ ಇರಲಿ, ಮೂರು ತಿಂಗಳ ಸರಾಸರಿ ಶುಗರ್ ಟೆಸ್ಟ್ ಮಾಡಿಸಿದ್ರೆ ಅದನ್ನೂ ತಗೊಂಡು ಹೋಗಿ, ಆ ಸೈಕಲ್ ವಿಷ್ಯ ಮಾತ್ರ ಡಾಕ್ಟ್ರು ಕೇಳದೇ ಇದ್ರೂ ನೀವೇ ಹೇಳಿ.