ಎರಡು ಕುದುರೆಗೆ ಎಷ್ಟು ಎಚ್‌ಪಿ ಟ್ರ್ಯಾಕ್ಟರ್ ಬೇಕು?

ಪ್ರಶ್ನೆ: ಐದು ಎಕರೆ ಜಾಗ, ಎರಡು ಕುದುರೆ. ಲದ್ದಿ ಸಾಗಿಸಬೇಕು, ಹುಲ್ಲು ಕತ್ತರಿಸಬೇಕು, ಒಣಹುಲ್ಲಿನ ದೊಡ್ಡ ಸುರುಳಿ ಎತ್ತಬೇಕು. 25 ಎಚ್‌ಪಿ ಸಾಕಾ?

ಉತ್ತರ 1: ಎಚ್‌ಪಿಗಿಂತ ಮೊದಲು ಲೋಡರ್ (ಟ್ರ್ಯಾಕ್ಟರ್ ಮುಂದೆ ಭಾರ ಎತ್ತುವ ತೋಳು) ಎಷ್ಟು ತೂಕ ಎತ್ತುತ್ತದೆ ನೋಡಿ ಸರ್. ಲದ್ದಿ, ಹುಲ್ಲಿಗೆ 25 ಧಾರಾಳ ಸಾಕು, ಆದರೆ ದೊಡ್ಡ ಸುರುಳಿ 300 ಕೆಜಿ ದಾಟುವುದು ಮಾಮೂಲು, ಹಿಂದೆ ಭಾರ ಕಟ್ಟದೆ ಅದನ್ನು ಎತ್ತಿದರೆ ಹಿಂದಿನ ಚಕ್ರ ಹಗುರಾಗಿ ಟ್ರ್ಯಾಕ್ಟರ್ ಮಗುಚಬಹುದು. ದಯವಿಟ್ಟು ಇದನ್ನು ಹಗುರವಾಗಿ ತಗೊಳ್ಳಬೇಡಿ.

ಉತ್ತರ 2: ಫೋರ್ ವೀಲ್ ಡ್ರೈವ್ ಇರಲಿ, ಕೆಸರಲ್ಲಿ ಬೇಕೇ ಬೇಕು. ಹೈಡ್ರೋಸ್ಟ್ಯಾಟಿಕ್ (ಗೇರ್ ಬದಲಿಸದೆ ಪೆಡಲ್‌ನಲ್ಲೇ ಹಿಂದೆ ಮುಂದೆ ಓಡುವಂಥದ್ದು) ಆದರೆ ಲಾಯದೊಳಗೆ ಹಿಂದೆ ಮುಂದೆ ಮಾಡುವುದು ತುಂಬಾ ಸುಲಭ. ಲಾಯದ ಬಾಗಿಲ ಎತ್ತರವನ್ನೂ ಅಳೆಯಿರಿ, ರೋಲ್ ಬಾರ್ (ಮಗುಚಿದರೆ ಚಾಲಕನನ್ನು ಕಾಯುವ ಎತ್ತರದ ಕಬ್ಬಿಣದ ಚೌಕಟ್ಟು) ತಾಗಬಾರದು ಅಲ್ವಾ.

ಪ್ರಶ್ನೆ ಕೇಳಿದವರು: ಸುರುಳಿ ಬದಲು ಸಣ್ಣ ಕಟ್ಟು ತಂದರೆ?

ಉತ್ತರ 1: ಹಾಗಾದರೆ 25 ಸಾಕು, ಸುಮ್ನೆ ಜಾಸ್ತಿ ದುಡ್ಡು ಹಾಕಬೇಡಿ.