ಅಪ್‌ಡೇಟ್: ಕುದುರೆಯ ಗರ್ತ್ ಗಾಯ ವಾಸಿಯಾಯಿತು

ಸೋಮವಾರಪೇಟೆ ಹತ್ತಿರ ತೋಟದ ದಾರಿಯಲ್ಲಿ ಸವಾರಿ ಮಾಡುವ ನನ್ನ ಹೆಣ್ಣು ಕುದುರೆಗೆ ಗರ್ತ್, ಅಂದ್ರೆ ಜೀನಿನ ಹೊಟ್ಟೆಪಟ್ಟಿ, ಉಜ್ಜಿ ಮುಂಗಾಲಿನ ಹಿಂದೆ ಗಾಯ ಆಗಿತ್ತಲ್ವಾ, ಯಾವ ಬಗೆಯದು ಒಳ್ಳೆಯದು ಅಂತ ಮೂರು ವಾರದ ಹಿಂದೆ ಕೇಳಿದ್ದೆ. ಈಗ ಪೂರ್ತಿ ಒಣಗಿದೆ, ಕೂದಲೂ ಬರುತ್ತಿದೆ.

ಒಣಗಿದ ಮೇಲೆ ಮತ್ತೆ ಉಜ್ಜದಂತೆ ಕೆಲಸ ಮಾಡಿದ್ದು ಮೊಹೇರ್, ಅಂದ್ರೆ ಅಂಗೋರಾ ಆಡಿನ ಕೂದಲಿನ, ದಾರದ ಗರ್ತ್. ಹೇಳಿದವರಿಗೆ ತುಂಬಾ ಥ್ಯಾಂಕ್ಸ್. ದಾರಗಳ ನಡುವೆ ಗಾಳಿ ಆಡುತ್ತದೆ, ಬೆವರು ನಿಲ್ಲುವುದಿಲ್ಲ. ಮೊದಲು ನಿಯೋಪ್ರೀನ್, ಅಂದ್ರೆ ಸ್ಪಂಜಿನಂಥ ಕೃತಕ ರಬ್ಬರಿನದು, ತಂದಿದ್ದೆ. ತೊಳೆಯಲು ಸುಲಭ, ಬೇಗ ಒಣಗುತ್ತದೆ, ಆದರೆ ಏರು ಹತ್ತಿ ಬಂದು ಬಿಚ್ಚಿದರೆ ಅಡಿಯ ಚರ್ಮ ಬಿಸಿಯಾಗಿ ನೆನೆದು ಹೋಗಿರುತ್ತಿತ್ತು. ತೊಗಲಿನದು ಬಾಳಿಕೆಗೆ ಒಳ್ಳೆಯದೇ, ನಮ್ಮ ಮಳೆಗಾಲದಲ್ಲಿ ಮಾತ್ರ ಒರೆಸದೆ ಬಿಟ್ಟರೆ ಬೂಷ್ಟು.

ಆಶ್ಚರ್ಯ ಆಗಿದ್ದು ಬೇರೆ. ಅರ್ಧ ತಪ್ಪು ನಾನು ಕಟ್ಟುತ್ತಿದ್ದ ರೀತಿಯದ್ದು. ಬಿಗಿದ ಮೇಲೆ ಮುಂಗಾಲುಗಳನ್ನು ಒಂದೊಂದಾಗಿ ಮುಂದಕ್ಕೆ ಎಳೆದರೆ ಒಳಗೆ ಸಿಕ್ಕಿದ ಚರ್ಮದ ಸುಕ್ಕು ಬಿಡುತ್ತದೆ. ಒಂದೇ ಸಲ ಬಿಗಿಯಬಾರದು, ಸ್ವಲ್ಪ ನಡೆಸಿ ಮತ್ತೆ ಬಿಗಿಯಬೇಕು. ಗಾಯ ಒಣಗುವವರೆಗೆ ಜೀನು ಹಾಕಲೇ ಇಲ್ಲ, ಅದೂ ಮುಖ್ಯ. ಮೊಹೇರ್ ಒಣಗುವುದು ನಿಧಾನ, ಹಾಗಾಗಿ ಎರಡು ಇಟ್ಟುಕೊಂಡಿದ್ದೇನೆ. ತಣ್ಣೀರಲ್ಲಿ ತೊಳೆದು, ಒಲೆಯಿಂದ ದೂರ, ಗಾಳಿ ಬರುವ ಕಡೆ ನೇತುಹಾಕುತ್ತೇನೆ.