ಹಳದಿ ಬೆಲ್ಲ, ಕರಿ ಬೆಲ್ಲ, ದೊಡ್ಮನೆ ಬಳಗ

ಕಿರಣ್ ಮತ್ತು ಪವಿತ್ರ ಭಾನುವಾರ ಮಂಡ್ಯದಿಂದ ಮೈಸೂರಿನ ದೇವರಾಜ ಮಾರ್ಕೆಟ್‌ಗೆ ಹೋಗಿಬರುತ್ತಾರೆ ಅನ್ನೋ ಸುದ್ದಿ ಮನೆಯವರ ‘ದೊಡ್ಮನೆ ಬಳಗ’ ವಾಟ್ಸಾಪ್ ಗುಂಪಿಗೆ ಬಿದ್ದದ್ದೇ ತಡ, ಸುಜಾತತ್ತೆ ಇದನ್ನು ಕಳಿಸಿದರು.

ಸುಜಾತತ್ತೆ (ಫಾರ್ವರ್ಡ್): ಮೈಸೂರು ಮಾರ್ಕೆಟ್‌ಗೆ ಹೋಗುವ ದಂಪತಿಗಳೇ ಎಚ್ಚರ!!! 1) ಹಳದಿ ಬೆಲ್ಲ ಪೂರ್ತಿ ವಿಷ, ಕಪ್ಪು ಬೆಲ್ಲ ಮಾತ್ರ ಶುದ್ಧ. 2) ನಂಜನಗೂಡು ರಸಬಾಳೆ ಭೂಮಿ ಮೇಲೇ ಇಲ್ಲ, ಮಾರೋದೆಲ್ಲ ಕಾರ್ಬೈಡ್ ಹಣ್ಣು. 3) ವಿಜ್ಞಾನಿಗಳೇ ಹೇಳಿದ್ದಾರೆ. ನಿಮ್ಮವರಿಗೆಲ್ಲ ತಪ್ಪದೇ ಕಳಿಸಿ!!!

ಸುಜಾತತ್ತೆ: ಕಿರಣಾ, ನೋಡ್ಕೊಂಡು ತಗೊಳ್ರೋ. ಸುಮ್ನೆ ಕಂಡಿದ್ದೆಲ್ಲ ಚೀಲಕ್ಕೆ ತುಂಬ್ಕೋಬೇಡಿ.

ರವಿ ಭಾವ: ಯಾವ ವಿಜ್ಞಾನಿ? ಯಾವ ಲ್ಯಾಬು? ಯಾವ ವರ್ಷ?

ದೊಡ್ಡಪ್ಪ: ಅಳಿಯಂದ್ರೇ, ಹಿರಿಯರು ಕಾಳಜಿಯಿಂದ ಒಂದು ಮಾತು ಹೇಳಿದ್ರೆ ಪುರಾವೆ ಕೇಳೋದು ನಮ್ಮ ಮನೆತನದಲ್ಲಿ ಇರಲಿಲ್ಲ. ಅದಿರಲಿ, ಗಂಡ ಹೆಂಡತಿ ಇಬ್ಬರೂ ಭಾನುವಾರ ಮಾರ್ಕೆಟ್ ಸುತ್ತಬೇಕಾ? ಮಂಡ್ಯದಲ್ಲಿ ಏನು ಸಿಗಲ್ಲ?

ಗೀತಕ್ಕ: ಅಪ್ಪಾ, ವೀಳ್ಯದ ಚಿಗುರೆಲೆ ಸಿಗಲ್ಲ. ನಿಮಗೇ ಬೇಕು.

ನಾಗರಾಜ ಚಿಕ್ಕಪ್ಪ: ಕಪ್ಪಗಿದ್ರೆ ಶುದ್ಧ ಅಂತ ಬರ್ದೋನು ಯಾವನ್ಲಾ? ಬೆಲ್ಲ ಮಾಡೋ ಆಲೆಮನೆ ಬಾಗ್ಲು ತುಳ್ದಿಲ್ಲ ಅವ್ನು. ಪಾಕ ತಳ ಹಿಡುದ್ರೂ ಕಪ್ಪೇ. ಸುಣ್ಣ ಜಾಸ್ತಿ ಬಿದ್ರೂ ಕಪ್ಪೇ. ಕಬ್ಬು ಕಡುದು ಮೂರು ದಿನ ಬಿಸ್ಲಲ್ಲಿ ಬಿಟ್ರೂ ಕಪ್ಪೇ, ಅದು ಅಚ್ಚಲ್ಲಿ ನೆಟ್ಟಗೆ ಕೂರೋದೂ ಇಲ್ಲ, ನೀರೊಡೀತದೆ. ಚೌಳು ಮಣ್ಣಿನ ಕಬ್ಬಾದ್ರೆ ಕಪ್ಪಿನ ಜೊತೆ ಉಪ್ಪು ಬೇರೆ.

ಸುಜಾತತ್ತೆ: ನಾಗಾ, ನಿನ್ನ ಬೆಲ್ಲದ ವಿಷಯ ನಾನು ಎತ್ತೇ ಇಲ್ಲ.

ನಾಗರಾಜ ಚಿಕ್ಕಪ್ಪ: ಇವತ್ತು ಎತ್ತಿಲ್ಲ ಕಣಕ್ಕ. ಗೀತನ ಮದ್ವೆ ಚಪ್ಪರದ ದಿನ ಎತ್ತಿದ್ದೆ. ಒಬ್ಬಟ್ಟು ಕರ್ರಗೈತೆ ಅಂತ ಪಂಕ್ತಿಲಿ ಕೂತು ಹೇಳ್ದೆ. ಈಗ ಅದೇ ಕರಿ ಬೆಲ್ಲ ಶುದ್ಧ ಅಂತ ಫಾರ್ವರ್ಡ್ ಮಾಡ್ತಿದ್ದೀಯ.

ಗೀತಕ್ಕ: ನನ್ನ ಮದುವೆ ಯಾಕೆ ಬಂತು ಇಲ್ಲಿಗೆ?

ಸುಜಾತತ್ತೆ: ಒಬ್ಬಟ್ಟು ಕರ್ರಗಿತ್ತು ಅಂದೆ, ಚೆನ್ನಾಗಿಲ್ಲ ಅಂದ್ನಾ? ನಾಲ್ಕು ತಿಂದಿದೀನಿ.

ರವಿ ಭಾವ: ವಿಷಯಕ್ಕೆ ಬರೋಣ. ಫಾರ್ವರ್ಡಿನಲ್ಲಿ ಕಾಲುಭಾಗ ನಿಜ ಇದೆ, ಅದೇ ತೊಂದರೆ. ಬೆಲ್ಲಕ್ಕೆ ಬಣ್ಣ ಬರಲಿ ಅಂತ ಹಾಕೋದು ಹೈಡ್ರೋಸ್, ಅಂದ್ರೆ ಸೋಡಿಯಂ ಹೈಡ್ರೋಸಲ್ಫೈಟ್. ಅದು ಬ್ಲೀಚು. ಬೆಲ್ಲದಲ್ಲಿ ಉಳಿಯೋ ಸಲ್ಫರ್ ಡೈಆಕ್ಸೈಡ್‌ಗೆ 70 ಪಿಪಿಎಂ ಅಂತ ಮಿತಿ ಇದೆ, ಕಿಲೋಗೆ 70 ಮಿಲಿಗ್ರಾಂ. ಮೀರಿದ್ಯಾ ಇಲ್ವಾ ಅನ್ನೋದು ಲ್ಯಾಬಲ್ಲಿ ಮಾತ್ರ ಗೊತ್ತಾಗುತ್ತೆ. ಉಬ್ಬಸ ಇರೋರಿಗೆ ಸಲ್ಫೈಟು ಆಗಿಬರಲ್ಲ, ಅವರು ಹುಷಾರಾಗಿರಬೇಕು. ಅಷ್ಟಕ್ಕೇ ಹಳದಿಯೆಲ್ಲ ವಿಷ ಅನ್ನೋದು ಉತ್ಪ್ರೇಕ್ಷೆ.

ದೊಡ್ಡಪ್ಪ: ನಮ್ಮ ಕಾಲದಲ್ಲಿ ಕಲಬೆರಕೆ ಅನ್ನೋ ಮಾತೇ ಕೇಳಿರಲಿಲ್ಲ.

ರವಿ ಭಾವ: ಮಾವ, ಆಹಾರ ಕಲಬೆರಕೆ ತಡೆ ಕಾಯ್ದೆ ಬಂದಿದ್ದು 1954ರಲ್ಲಿ.

(ಇದಾದ ಮೇಲೆ ದೊಡ್ಡಪ್ಪ ಸ್ವಲ್ಪ ಹೊತ್ತು ಕೈಮುಗಿಯೋ ಚಿತ್ರಗಳನ್ನು ಮಾತ್ರ ಕಳಿಸಿದರು. ಅದು ನಮಸ್ಕಾರ ಅಲ್ಲ ಅಂತ ಗುಂಪಿನವರಿಗೆಲ್ಲ ಗೊತ್ತು.)

ಮಂಜು: ಯಾರಿಗಾದ್ರೂ ನೆನಪಿದ್ಯಾ, ಚಿಕ್ಕ ಮಾವನ ಆಲೆಮನೆ ಬಿಸಿ ಬೆಲ್ಲ, ಅದಕ್ಕೆ ಕೊಬ್ಬರಿ ಚೂರು ಅದ್ದಿ... ಆಹಾ. ಈಗ ಬೆಂಗಳೂರಲ್ಲಿ ಡಬ್ಬಿ ಬೆಲ್ಲ ತಿನ್ನೋ ಗತಿ.

ಪವಿತ್ರ: ಚಿಕ್ಕಮಾವ, ಅಂಗಡೀಲಿ ನಿಂತಾಗ ಒಳ್ಳೆ ಬೆಲ್ಲ ಹೇಗೆ ಗುರುತಿಸೋದು?

ನಾಗರಾಜ ಚಿಕ್ಕಪ್ಪ: ಕೇಳಿದ್ಯಲ್ಲ, ಅದು ಮಾತು ಕಣವ್ವ. ನಿಂಬೆಹಣ್ಣಿನ ಹಳದಿ ಕಂಡ್ರೆ ಕೈ ಹಾಕ್ಬೇಡ. ಕಡುದ ದಿನವೇ ಅರೆದ ಕಬ್ಬು, ಬೆಂಡೆಗಿಡ ಜಜ್ಜಿದ ಲೋಳೆ ಹುಯ್ದು ಕುದಿ ಏಳೋಕೆ ಮುಂಚೆ ಮಡ್ಡಿ ಪೂರ್ತಿ ತೆಗುದ್ರೆ ಹೊಂಬಣ್ಣದ ಕಂದು ಬತ್ತದೆ. ಕುದಿ ಎದ್ದ ಮೇಲೆ ತೆಗೀತೀನಿ ಅಂದ್ರೆ ಆಗಲ್ಲ, ಮಡ್ಡಿ ರಸದೊಳಕ್ಕೇ ಕದಡಿಕೊಳ್ತದೆ. ಪಾಕ 118 ಡಿಗ್ರಿ ಹತ್ರ ಇಳಿಸ್ತೀವಿ. ತಣ್ಣೀರಿಗೆ ಬಿಟ್ರೆ ಉಂಡೆ ಕಟ್ಬೇಕು. ಮುಂಚೆ ಇಳಿಸಿದ್ರೆ ಬೆಲ್ಲ ಅಂಟಂಟು, ಮಳೆಗಾಲ ತಡೆಯಲ್ಲ.

ನಾಗರಾಜ ಚಿಕ್ಕಪ್ಪ: ಇನ್ನೊಂದು. ಅಚ್ಚು ಒಡ್ಸಿ ನೋಡು. ಸಕ್ಕರೆ ಬೆರೆಸಿದ್ದು ಕಲ್ಲಿನಂಗೆ ಗಟ್ಟಿ, ಒಡೆದ ಜಾಗದಲ್ಲಿ ಹರಳು ಮಿಂಚ್ತದೆ. ಚೂರು ಬಾಯಿಗೆ ಹಾಕು, ಉಪ್ಪುಪ್ಪು ಅಂದ್ರೆ ಬಿಡು. ಹೈಡ್ರೋಸ್ ಬೆಲ್ಲ ತಂದಾಗ ಫಳಫಳ, ಇಟ್ಟಂಗಿಟ್ಟಂಗೆ ಕಪ್ಪಾಗ್ತದೆ. ಒಟ್ನಲ್ಲಿ ಮಂಡ್ಯದಲ್ಲಿ ಇದ್ಕೊಂಡು ಮೈಸೂರಿಂದ ಬೆಲ್ಲ ತರೋ ಬುದ್ಧಿ ಯಾರು ಕೊಟ್ರು ನಿಂಗೆ?

ಕಿರಣ್: ಬೆಲ್ಲ ತರ್ತೀವಿ ಅಂತ ನಾವು ಹೇಳೇ ಇಲ್ಲ ಚಿಕ್ಕಪ್ಪ. ಫಾರ್ವರ್ಡಿನಲ್ಲಿ ಇತ್ತು.

ಪವಿತ್ರ: ಪಾಯಸಕ್ಕೆ ಹಾಕಿದ ತಕ್ಷಣ ಹಾಲು ಒಡೆಯುತ್ತಲ್ಲ, ಅದೂ ಹೈಡ್ರೋಸಿಂದಾನಾ?

ರವಿ ಭಾವ: ಅಲ್ಲ. ಬೆಲ್ಲದಲ್ಲಿ ಸ್ವಲ್ಪ ಹುಳಿ, ಲವಣ ಇದ್ದೇ ಇರುತ್ತೆ. ಕುದಿಯೋ ಹಾಲಿಗೆ ಬಿದ್ರೆ ಒಳ್ಳೆ ಬೆಲ್ಲವೂ ಒಡೆಸುತ್ತೆ. ಬೆಲ್ಲನ ಬೇರೆ ಪಾತ್ರೇಲಿ ಅರ್ಧ ಲೋಟ ನೀರಲ್ಲಿ ಕರಗಿಸಿ, ಸೋಸಿ, ಆರಿಸಿ. ಒಲೆ ಆರಿಸಿದ ಮೇಲೆ ಹಾಲಿಗೆ ಬೆರೆಸಿ. ಸೋಸಿದಾಗ ತಳದಲ್ಲಿ ಮರಳು ಎಷ್ಟು ಅಂತಲೂ ಕಾಣುತ್ತೆ.

ಸುಜಾತತ್ತೆ: ಹಾಗಾದ್ರೆ ಬಾಳೆಹಣ್ಣು? ಅದೂ ಸುಳ್ಳಾ? ನಾನು ಕಳಿಸಿದ್ದೆಲ್ಲ ಸುಳ್ಳೇ ತಾನೇ.

ಗೀತಕ್ಕ: ಅತ್ತೆ, ರಸಬಾಳೆ ಇಲ್ಲವೇ ಇಲ್ಲ ಅನ್ನೋದು ಸುಳ್ಳು, ಕಡಿಮೆಯಾಗಿದೆ ಅನ್ನೋದು ನಿಜ. ಪನಾಮ ಸೊರಗು ರೋಗ. ಫ್ಯುಸೇರಿಯಂ ಅನ್ನೋ ಶಿಲೀಂಧ್ರ, ಮಣ್ಣಲ್ಲೇ ವರ್ಷಗಟ್ಟಲೆ ಉಳಿಯುತ್ತೆ. ರೋಗದ ತೋಟದ ಬಾಳೆಕಂದು (ಬುಡದ ಮರಿ) ಕಿತ್ತು ಹೊಸ ಜಮೀನಿಗೆ ನೆಟ್ರೆ ರೋಗವನ್ನೂ ನೆಟ್ಟಂಗೆ. ನಂಜನಗೂಡಿನ ಹಣ್ಣಿಗೆ ಜಿಐ ಟ್ಯಾಗ್, ಅಂದ್ರೆ ಆ ಊರಿನದ್ದು ಅನ್ನೋ ಭೌಗೋಳಿಕ ಗುರುತು ಇದೆ, ಬೇರೆ ಊರಲ್ಲಿ ಬೆಳೆದ ರಸಬಾಳೆಯನ್ನ ಆ ಹೆಸರಲ್ಲಿ ಮಾರಿದ್ರೆ ತಪ್ಪು. ಬರೀ ರಸಬಾಳೆ ಅಂತ ಮಾರಿದ್ರೆ ಮೋಸ ಏನಿಲ್ಲ.

ಸುಜಾತತ್ತೆ: ಕಾರ್ಬೈಡ್?

ಗೀತಕ್ಕ: ನಿಷೇಧ. ಅದರಿಂದ ಬರೋದು ಹಣ್ಣು ಮಾಗಿಸೋ ಅಸಿಟಿಲೀನ್ ಅನಿಲ, ಜೊತೆಗೆ ಆರ್ಸೆನಿಕ್, ರಂಜಕದ ಅಂಶ ಇರಬಹುದು, ಅದಕ್ಕೇ ಬೇಡ ಅಂದಿದ್ದು. ಮಾಗಿಸೋಕೆ ಎಥಿಲೀನ್ ಅನಿಲಕ್ಕೆ 100 ಪಿಪಿಎಂವರೆಗೆ ಅನುಮತಿ ಇದೆ. ಸಿಪ್ಪೆ ಹಳದಿ, ತೊಟ್ಟು ಹಸಿರು ಇದ್ರೆ ಕಾರ್ಬೈಡೇ ಅಂತ ಎಲ್ಲರೂ ಹೇಳ್ತಾರೆ. ಎಥಿಲೀನ್ ಕೋಣೇಲಿ ಮಾಗಿಸಿದ್ದೂ ಹಾಗೇ ಕಾಣುತ್ತೆ. ಒಂದು ಹಣ್ಣು ತಿಂದು ನೋಡಿ, ನಡುವೆ ಗಂಟು ಸಿಕ್ಕಿದ್ರೆ ಆ ಚಿಪ್ಪು ಬೇಡ.

ದೊಡ್ಡಪ್ಪ: ನನ್ನ ಮಗಳೇ ಅವಳ ಗಂಡನ ಕಡೆ ಸೇರ್ಕೊಂಡ್ಲು.

ಮಂಜು: ಮಾರ್ಕೆಟ್ ಅಂದ್ರೆ ಮೈಸೂರ್ ಪಾಕ್ ಕಣ್ರೋ. ಕಾಕಾಸುರ ಮಾದಪ್ಪ ಅರಮನೆಯಲ್ಲಿ ಮಾಡಿದ್ದು...

(ಮುಂದಿನ ಮೆಸೇಜುಗಳು ಗಟ್ಟಿ ಮೈಸೂರ್ ಪಾಕ್ ನಿಜವಾದದ್ದೋ, ಬಾಯಲ್ಲಿ ಕರಗೋದು ನಿಜವಾದದ್ದೋ ಅನ್ನೋದರ ಬಗ್ಗೆ. ಬಿಟ್ಟಿದ್ದೇನೆ. ಗುಂಪಿನಿಂದ ಒಬ್ಬರು ಹೊರಗೆ ಹೋಗಿ ವಾಪಸ್ ಬಂದರು.)

ಕಿರಣ್: ಬೈಕಲ್ಲಿ ಬೆಳಗ್ಗೆ ಆರಕ್ಕೆ ಬಿಡೋಣ ಅಂತಿದೀವಿ.

ರವಿ ಭಾವ: ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ಬೈಕ್ ಬಿಡಲ್ಲ, 2023ರ ಆಗಸ್ಟ್‌ನಿಂದ. ಸರ್ವಿಸ್ ರಸ್ತೆ ಹಿಡೀಬೇಕು. ರೈಲಿಗೆ ಹೋಗಿ. ಸ್ಟೇಷನ್ನಿಂದ ಧನ್ವಂತ್ರಿ ರಸ್ತೇಲಿ ನಡೆದೇ ಹೋಗಬಹುದು. ಸಯ್ಯಾಜಿರಾವ್ ರಸ್ತೇಲಿ ಗಾಡಿ ನಿಲ್ಲಿಸೋಕೆ ಜಾಗ ಹುಡುಕೋ ಹೊತ್ತಿಗೆ ಅರ್ಧ ಖರೀದಿ ಮುಗಿದಿರುತ್ತೆ.

ಗೀತಕ್ಕ: ಬಟ್ಟೆ ಚೀಲ ಮೂರು ಇಟ್ಕೊಳ್ಳಿ. ಮೊದಲು ಒಂದು ಸುತ್ತು ಬರೀ ರೇಟ್ ಕೇಳ್ಕೊಂಡು ಬನ್ನಿ, ಆಮೇಲೆ ತಗೊಳ್ಳಿ. ತೆಂಗಿನಕಾಯಿ, ಗೆಣಸು ತಳಕ್ಕೆ. ಅದರ ಮೇಲೆ ಈರನಗೆರೆ ಬದನೆ. ತೊಟ್ಟು ಹಸಿರಾಗಿರಬೇಕು, ಕೈಗೆ ಹಗುರಾಗಿರಬೇಕು, ಭಾರ ಇದ್ರೆ ಬೀಜ ಬಲಿತಿದೆ ಅಂತ ಲೆಕ್ಕ. ರಸಬಾಳೆ ಕೊನೇಲಿ ತಗೊಂಡು ಬೇರೆ ಚೀಲದಲ್ಲಿ. ಪೂರ್ತಿ ಹಣ್ಣಾದದ್ದು ಬೇಡ, ಮನೆಗೆ ಬರೋಷ್ಟರಲ್ಲಿ ಚಿಪ್ಪಿಂದ ಉದುರಿರುತ್ತೆ. ದೋರಗಾಯಿ ತಂದು ನೇತುಹಾಕಿ.

ಪವಿತ್ರ: ಮಲ್ಲಿಗೆ?

ಗೀತಕ್ಕ: ಮೊಗ್ಗು ತಗೋ, ಅರಳಿದ್ದು ಬೇಡ. ಪ್ಲಾಸ್ಟಿಕ್ ಕವರಲ್ಲಿ ಕಟ್ಟಿದ್ರೆ ಬೆವತು ಕಂದುತ್ತೆ. ಬಾಳೆಎಲೇಲಿ ಸುತ್ತಿಸ್ಕೋ.

ದೊಡ್ಡಪ್ಪ: ಚಿಗುರೆಲೆ ಎರಡು ಕಟ್ಟು. ಕಟ್ಟು ಬಿಚ್ಚಿಸಿ ನೋಡಿ. ಮೇಲೆ ಚಿಗುರು ಜೋಡಿಸಿ ಒಳಗೆ ಬಲಿತ ಎಲೆ ಇಟ್ಟಿರ್ತಾರೆ. ತೊಟ್ಟು ಕಪ್ಪಾಗಿದ್ರೆ ನಿನ್ನೆಯದು. ಒದ್ದೆ ಬಟ್ಟೇಲಿ ಸುತ್ತಿ ತನ್ನಿ, ನೀರು ತೊಟ್ಟಿಕ್ಕಬಾರದು, ಕೊಳೆಯುತ್ತೆ.

ರವಿ ಭಾವ: ಭಾನುವಾರ ಮಾರ್ಕೆಟ್ ಸುತ್ತಬಾರದು ಅಂದ್ರಿ ಮಾವ?

ದೊಡ್ಡಪ್ಪ: ಸುತ್ತಬೇಡಿ ಅಂದೆ. ಎಲೆ ತರಬೇಡಿ ಅಂದ್ನಾ?

ಸುಜಾತತ್ತೆ: ಕಿರಣಾ, ನನಗೊಂದು ಚಿಪ್ಪು ರಸಬಾಳೆ. ನಂಜನಗೂಡಿನದೇ ಬೇಕು ಅಂತೇನಿಲ್ಲ.

ನಾಗರಾಜ ಚಿಕ್ಕಪ್ಪ: ಬದನೆ ಎರಡು ಕೆಜಿ ನಂಗೂ ತಗೊಳ್ಲಾ. ದುಡ್ಡು ಬಂದ್ಮೇಲೆ ಕೊಡ್ತೀನಿ. ಸುಜಾತಕ್ಕನ ಮನೆಗೆ ಐದು ಕೆಜಿ ಬೆಲ್ಲ ಕಳಿಸ್ತೀನಿ, ಹೋಗ್ತಾ ಹಂಗೇ ಕೊಟ್ಟುಬುಡು. ಬಣ್ಣ ನೋಡ್ಕೊಂಡು ಮಾತಾಡ್ಲಿ.

ಕಿರಣ್: ಚಿಕ್ಕಪ್ಪ, ಅತ್ತೆ ಮನೆ ಕುವೆಂಪುನಗರದಲ್ಲಿ. ಮಾರ್ಕೆಟ್ ದಾರೀಲಿ ಇಲ್ಲ.

ಪವಿತ್ರ: ರೈಲಿಗೇ ಹೋಗ್ತೀವಿ ಭಾವ. ಬೈಕಲ್ಲಿ ಇದೆಲ್ಲ ಹಿಡಿಯಲ್ಲ.